ಆರ್ಟ್ ಗ್ಯಾಲರಿಯಲ್ಲಿ ಏನು ನೋಡಬೇಕು? ಕಟ್ಟು ಹಾಕುವವನ ಉತ್ತರ

ಬೆಂಗಳೂರಿನ ಮಲ್ಲೇಶ್ವರದಲ್ಲಿ ನನ್ನದೊಂದು ಫ್ರೇಮ್ ಅಂಗಡಿ. ಪಟಕ್ಕೆ ಕಟ್ಟು ಹಾಕುವುದು ನಮ್ಮಪ್ಪನ ಕಾಲದಿಂದ ಬಂದ ಕೆಲಸ. ದೇವರ ಪಟ, ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟು, ತೀರಿಕೊಂಡವರ ಫೋಟೋ, ಇವೇ ಜಾಸ್ತಿ. ಈಚೆಗೆ ಪೇಂಟಿಂಗ್ ತರುವವರೂ ಇದ್ದಾರೆ. ಅವರು ಬೀಡಿಂಗ್, ಅಂದರೆ ಕಟ್ಟಿನ ಪಟ್ಟಿ, ಆರಿಸುತ್ತಾ ಆರಿಸುತ್ತಾ ಒಂದು ಮಾತು ಹೇಳುತ್ತಾರೆ. 'ಆರ್ಟ್ ಮ್ಯೂಸಿಯಂಗೆ ಹೋದ್ರೆ ಏನು ನೋಡಬೇಕು ಅಂತಲೇ ಗೊತ್ತಾಗಲ್ಲ ಅಣ್ಣ. ಅರ್ಧ ಗಂಟೆಗೆ ಆಚೆ ಬಂದುಬಿಡ್ತೀವಿ.' ಕೌಂಟರ್ ಹತ್ತಿರ ನಿಂತು ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅಲ್ಲ ಅದು. ಹಾಗಾಗಿ ಬರೆದೇ ಬಿಡೋಣ ಅನಿಸಿತು.

ನಾನು ಕಲಾ ವಿಮರ್ಶೆ ಓದಿದವನಲ್ಲ. ಚಿತ್ರದ ಅರ್ಥ ಏನು ಅಂತ ನನ್ನನ್ನು ಕೇಳಬೇಡಿ. ಆದರೆ ದಿನಾ ಪ್ರಿಂಟ್‌ಗಳಿಗೆ ಕಟ್ಟು ಹಾಕುವವನಾಗಿ ಒಂದು ವಿಷಯ ಗಟ್ಟಿಯಾಗಿ ಹೇಳಬಲ್ಲೆ. ಫೋನು, ಪುಸ್ತಕ, ಕ್ಯಾಲೆಂಡರ್ ಎಷ್ಟೇ ಚೆನ್ನಾಗಿದ್ದರೂ ಎರಡನ್ನು ಕೊಡುವುದಿಲ್ಲ. ಒಂದು, ಚಿತ್ರದ ನಿಜವಾದ ಅಳತೆ. ಇನ್ನೊಂದು, ಚಿತ್ರದ ಮೈ. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಹೊಳೆಯುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನುವುದು. ಮ್ಯೂಸಿಯಂಗೆ ಹೋಗುವುದು ಇವೆರಡಕ್ಕಾಗಿ ಅಂದುಕೊಂಡು ಹೊರಡಿ. ಅರ್ಥ ಆಗಲಿಲ್ಲ ಅನ್ನುವ ಭಯ ಅರ್ಧ ಅಲ್ಲೇ ಹೋಗುತ್ತದೆ.

ಯಾವುದಕ್ಕೆ ಹೋಗುವುದು

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಎಲ್ಲರೂ ಎನ್‌ಜಿಎಂಎ ಅನ್ನುತ್ತಾರೆ. ದೆಹಲಿಯಲ್ಲಿ ಇದು ಶುರುವಾಗಿದ್ದು 1954ರಲ್ಲಿ, ಮುಂಬೈಗೆ ಬಂದಿದ್ದು 1996ರಲ್ಲಿ, ನಮ್ಮೂರಿಗೆ 2009ರಲ್ಲಿ. ವಸಂತನಗರದ ಹಳೇ ಮಾಣಿಕ್ಯವೇಲು ಬಂಗಲೆಯಲ್ಲಿದೆ. ಬಂಗಲೆಗೆ ಸೇರಿಸಿ ಹೊಸ ಕಟ್ಟಡವೊಂದನ್ನು ಕಟ್ಟಿದ್ದಾರೆ. ಅಂಗಳದ ತುಂಬ ದೊಡ್ಡ ಮರಗಳು. ಗೇಟಿನ ಆಚೆ ಟ್ರಾಫಿಕ್ ಹಾರ್ನ್ ಹೊಡೆಯುತ್ತಿದ್ದರೂ ಒಳಗೆ ಬಂದರೆ ಅಷ್ಟು ಕೇಳಿಸುವುದಿಲ್ಲ. ಟಿಕೆಟ್ ನಮ್ಮ ದೇಶದವರಿಗೆ 20 ರೂಪಾಯಿ. ಒಂದು ಕಾಫಿ ದುಡ್ಡು. ಅದಕ್ಕೇ ಇದನ್ನು ಮೊದಲು ಹೇಳುವುದು. 20 ರೂಪಾಯಿ ಕೊಟ್ಟವರಿಗೆ ಎಲ್ಲ ನೋಡಿಯೇ ಹೋಗಬೇಕು ಅನ್ನುವ ಹಟ ಇರುವುದಿಲ್ಲ. ಸಾಕು ಅನಿಸಿದಾಗ ಎದ್ದು ಬರಬಹುದು, ಇನ್ನೊಂದು ಸಲ ಹೋಗಬಹುದು.

ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಇದೆ. ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಅಂತ ಪೂರ್ತಿ ಹೆಸರು. 2023ರಲ್ಲಿ ತೆರೆಯಿತು. ಹೊರಗೆಲ್ಲ ಸ್ಟೀಲ್ ಹೊದಿಕೆ, ನೀರಿನ ಟ್ಯಾಂಕ್ ನೆನಪಿಗೆ ಬರುತ್ತದೆ. ಖಾಸಗಿಯವರದು. ಲಿಫ್ಟು, ಏಸಿ, ಮೇಲೆ ಕೆಫೆ, ಎಲ್ಲ ಅಚ್ಚುಕಟ್ಟು. ನನಗೆ ಇಲ್ಲಿ ಇಷ್ಟವಾಗುವುದು ಬೇರೆ ಕಾರಣಕ್ಕೆ. ದೊಡ್ಡ ಪೇಂಟರ್‌ಗಳ ಜೊತೆಗೆ ಫೋಟೋಗಳು, ಬಟ್ಟೆಗಳು, ಹಳೇ ಜಾಹೀರಾತುಗಳು, ದೇವರ ಪಟಗಳ ಪ್ರಿಂಟ್‌ಗಳನ್ನೂ ಇವರು ಸಂಗ್ರಹಿಸಿದ್ದಾರೆ. ನಮ್ಮಂಥ ಅಂಗಡಿಗಳಲ್ಲಿ ಧೂಳು ತಿಂದುಕೊಂಡಿದ್ದ ಮಾಲು ಅಲ್ಲಿ ಮ್ಯೂಸಿಯಂ ವಸ್ತುವಾಗಿ ಕೂತಿದೆ. ನಮ್ಮಪ್ಪ ಇದ್ದಿದ್ದರೆ ನಗುತ್ತಿದ್ದರು.

ಅದೇ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ, ಪಕ್ಕದಲ್ಲೇ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ. ಇವೆರಡಕ್ಕೂ ಹೊರಡುವ ಮುಂಚೆ ಫೋನ್ ಮಾಡಿ, ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಹಳೇ ಕಟ್ಟಡಗಳು, ದುರಸ್ತಿ ಕೆಲಸ ಬರುತ್ತಲೇ ಇರುತ್ತದೆ.

ಇನ್ನು ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಇದನ್ನು ಎಲ್ಲರೂ ಚಿತ್ರ ಸಂತೆಯಿಂದ ಗುರುತಿಸುತ್ತಾರೆ. ಜನವರಿಯ ಒಂದು ಭಾನುವಾರ ಇಡೀ ರಸ್ತೆ ಮುಚ್ಚಿ ಚಿತ್ರ ಮಾರುತ್ತಾರಲ್ಲ, ಅದು. ಸಂತೆ ಮುಗಿದ ವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಾಗಾಗಿ ಅದನ್ನು ಬೈಯುವುದಿಲ್ಲ. ಆದರೆ ಸಂತೆಗೆ ಹೋಗಿ ಬಂದು ಪರಿಷತ್ತು ನೋಡಿದ್ದೇನೆ ಅನ್ನಬೇಡಿ. ಒಳಗೆ ಮ್ಯೂಸಿಯಂ ಇದೆ. ಮೈಸೂರು ಶೈಲಿಯ ಚಿತ್ರಗಳು, ತೊಗಲು ಗೊಂಬೆಗಳು, ರಷ್ಯಾ ಮೂಲದ ರೋರಿಕ್ ಅಪ್ಪ ಮಗನ ಚಿತ್ರಗಳು. ಸಂತೆಯ ದಿನ ಬಿಟ್ಟು ಬೇರೆ ದಿನ ಹೋಗಿ.

ಒಂದು ದಿನಕ್ಕೆ ಒಂದೇ ಸಾಕು. ಕಸ್ತೂರಬಾ ರಸ್ತೆಯಲ್ಲಿ ಎಲ್ಲ ಅಕ್ಕಪಕ್ಕ ಇದೆಯಲ್ಲ ಅಂತ ಆಸೆಯಾಗುತ್ತದೆ, ನಿಜ. ಎರಡನೆಯದಕ್ಕೆ ಹೋಗುವ ಹೊತ್ತಿಗೆ ಕಣ್ಣು ತೆರೆದಿದ್ದರೂ ಏನೂ ಕಾಣದ ಹಾಗೆ ಆಗಿರುತ್ತದೆ.

ಹೊರಡುವ ಮುಂಚೆ

ಎನ್‌ಜಿಎಂಎ, ಮ್ಯಾಪ್ ಎರಡಕ್ಕೂ ಸೋಮವಾರ ರಜ. ಸರ್ಕಾರಿ ರಜಾ ದಿನಗಳಲ್ಲೂ ಕೇಳಿಕೊಂಡು ಹೋಗಿ. ವಾರದ ಮಧ್ಯೆ ಬೆಳಿಗ್ಗೆ, ಬಾಗಿಲು ತೆರೆದ ಹೊತ್ತಿಗೇ ಹೋಗುವುದು ಒಳ್ಳೆಯದು. ರಜ ಹಾಕಬೇಕಾದರೆ ಹಾಕಿ. ಭಾನುವಾರ ಮಧ್ಯಾಹ್ನ ನೀವು ನೋಡುವುದು ಬೇರೆಯವರ ಬೆನ್ನು.

ಏನು ಪ್ರದರ್ಶನ ನಡೆಯುತ್ತಿದೆ ಅಂತ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಕೊಳ್ಳಿ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ಟಾಗೋರ್ ಮನೆಯವರು, ಎಲ್ಲರೂ ಎನ್‌ಜಿಎಂಎ ಸಂಗ್ರಹದಲ್ಲಿದ್ದಾರೆ. ನೀವು ಹೋದ ದಿನ ಗೋಡೆಯ ಮೇಲೆ ಯಾರಿರುತ್ತಾರೆ ಅನ್ನುವುದು ಬೇರೆ ಮಾತು. ಪ್ರದರ್ಶನ ಬದಲಾದ ಹಾಗೆ ಚಿತ್ರಗಳನ್ನು ಇಳಿಸುತ್ತಾರೆ, ಏರಿಸುತ್ತಾರೆ. ಕಾಗದದ ಮೇಲಿನ ಚಿತ್ರಗಳನ್ನಂತೂ ತುಂಬ ದಿನ ಗೋಡೆ ಮೇಲೆ ಬಿಡುವ ಹಾಗೇ ಇಲ್ಲ. ಬೆಳಕು ಬಣ್ಣ ತಿನ್ನುತ್ತದೆ. ನಿಮ್ಮ ಮನೆಯ ಕಿಟಕಿ ಎದುರು ಹಾಕಿದ ಗ್ರೂಪ್ ಫೋಟೋ ನೋಡಿ, ನೀಲಿ ಒಂದೇ ಉಳಿದಿರುತ್ತದೆ. ಹಾಗಾಗಿ ಒಂದೇ ಒಂದು ಚಿತ್ರ ನೋಡುವ ಆಸೆಯಿಂದ ಹೊರಟಿದ್ದರೆ ಫೋನ್ ಮಾಡಿ ವಿಚಾರಿಸಿ.

ಎನ್‌ಜಿಎಂಎಗೆ ನೇರಳೆ ಮೆಟ್ರೋದಲ್ಲಿ ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಡ್ರೈವರ್‌ಗೆ ಎನ್‌ಜಿಎಂಎ ಅಂದರೆ ಗೊತ್ತಾಗದೆ ಹೋಗಬಹುದು, ಪ್ಯಾಲೇಸ್ ರಸ್ತೆ, ಮೌಂಟ್ ಕಾರ್ಮೆಲ್ ಕಾಲೇಜಿನ ಹತ್ತಿರ ಅನ್ನಿ. ಕಸ್ತೂರಬಾ ರಸ್ತೆಗೆ ಕಬ್ಬನ್ ಪಾರ್ಕ್ ಸ್ಟೇಷನ್‌ನಿಂದ ಪಾರ್ಕಿನೊಳಗೇ ನಡೆದುಕೊಂಡು ಹೋಗಬಹುದು. ಪರಿಷತ್ತಿಗೆ ಹಸಿರು ಮಾರ್ಗದ ಸಂಪಿಗೆ ರಸ್ತೆ ಸ್ಟೇಷನ್ ಇದೆ. ಕಾರ್ ತರಬೇಡಿ. ಪಾರ್ಕಿಂಗ್ ಹುಡುಕುವುದರಲ್ಲೇ ತಲೆ ಕೆಟ್ಟು, ಒಳಗೆ ಬರುವಾಗ ಮುಖ ಊದಿಸಿಕೊಂಡಿರುತ್ತೀರಿ.

ಚೆನ್ನಾಗಿ ತಿಂಡಿ ತಿಂದು ಹೋಗಿ. ನಾನಾದರೆ ಮನೆ ಹತ್ತಿರದ ಸಿಟಿಆರ್‌ನಲ್ಲಿ ಒಂದು ಬೆಣ್ಣೆ ಮಸಾಲೆ ಮುಗಿಸಿಯೇ ಹೊರಡುವುದು. ಹೊಟ್ಟೆ ಹಸಿದವರು ಚಿತ್ರದ ಮುಂದೆ ನಿಲ್ಲುವುದಿಲ್ಲ. ದೊಡ್ಡ ಬ್ಯಾಗನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ, ನೀರಿನ ಬಾಟಲಿಯನ್ನೂ ಒಳಗೆ ಬಿಡದಿರಬಹುದು, ಹಾಗಾಗಿ ಚಿಕ್ಕ ಚೀಲ ಸಾಕು. ಅದರಲ್ಲಿ ಒಂದು ಪೆನ್ಸಿಲ್, ಚಿಕ್ಕ ನೋಟ್‌ಬುಕ್. ಪೆನ್ ಬೇಡ, ಇಂಕಿನ ಭಯಕ್ಕೆ ಎಷ್ಟೋ ಕಡೆ ಬೇಡ ಅನ್ನುತ್ತಾರೆ. ಏಸಿ ಆಗದವರಿಗೆ ಒಂದು ಶಾಲು. ನಲವತ್ತು ದಾಟಿದವರು ಓದುವ ಕನ್ನಡಕ ಮರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹತ್ತಿರದ ಕನ್ನಡಕ ಇಲ್ಲದೆ ಹೋದರೆ ಚಿತ್ರದ ಮೈ ನಿಮಗೆ ಕಾಣುವುದೇ ಇಲ್ಲ, ಅಷ್ಟು ದೂರ ಹೋಗಿದ್ದು ದಂಡ.

ಒಳಗೆ ಹೋದ ಮೇಲೆ

ಕೋಣೆ ಮಬ್ಬಾಗಿರುತ್ತದೆ. ಕರೆಂಟ್ ಉಳಿಸುತ್ತಿಲ್ಲ. ಕಾಗದ, ಜಲವರ್ಣ, ಬಟ್ಟೆಗೆ 50 ಲಕ್ಸ್ ಬೆಳಕು ದಾಟಬಾರದು ಅಂತ ಮ್ಯೂಸಿಯಂಗಳಲ್ಲಿ ಒಂದು ಲೆಕ್ಕ ಇದೆ. ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ. ಆಫೀಸ್ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತದೆ. ಎಣ್ಣೆ ಬಣ್ಣ ಸ್ವಲ್ಪ ಗಟ್ಟಿ, ಅದಕ್ಕೆ 200ರವರೆಗೂ ಹೋಗುತ್ತಾರೆ. ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಬೆಂಚು ಇಟ್ಟಿರುವುದೇ ಅದಕ್ಕೆ.

ಮೊದಲನೇ ಸುತ್ತು ಬೇಗ ಮುಗಿಸಿ. ಏನನ್ನೂ ಓದಬೇಡಿ, ಎಲ್ಲೂ ನಿಲ್ಲಬೇಡಿ. ಸೀರೆ ಅಂಗಡಿಯಲ್ಲಿ ಮೊದಲು ಇಡೀ ಕಪಾಟಿನ ಮೇಲೆ ಕಣ್ಣಾಡಿಸುವುದಿಲ್ಲವೇ, ಹಾಗೆ. ಒಂದು ಕೋಣೆಗೆ ಎರಡು ನಿಮಿಷ. ಅಷ್ಟರಲ್ಲಿ ಯಾವುದೋ ಮೂರು ನಾಲ್ಕು ಚಿತ್ರಗಳು ತಾವೇ ಕಣ್ಣಿಗೆ ಕಚ್ಚಿಕೊಂಡಿರುತ್ತವೆ. ದೊಡ್ಡ ಹೆಸರಿನವರದೇ ಆಗಬೇಕಿಲ್ಲ. ಎರಡನೇ ಸುತ್ತಿನಲ್ಲಿ ಅವುಗಳ ಹತ್ತಿರ ಮಾತ್ರ ಹೋಗಿ. ಮಿಕ್ಕಿದ್ದಕ್ಕೆ ನಮಸ್ಕಾರ.

ಈಗ ಆ ಒಂದು ಚಿತ್ರವನ್ನು ಮೂರು ಕಡೆಯಿಂದ ನೋಡಿ. ಮೊದಲು ದೂರದಿಂದ, ಪೂರ್ತಿ ಕಾಣುವಷ್ಟು ಹಿಂದೆ ಸರಿದು. ಅಳತೆ ತಿಳಿಯುವುದು ಇಲ್ಲಿ. ಫೋನಿನಲ್ಲಿ ಎಲ್ಲ ಚಿತ್ರವೂ ಅಂಗೈಯಗಲ ಅಲ್ವಾ? ಇಲ್ಲಿ ಒಂದು ಬಾಗಿಲಿನಷ್ಟು ದೊಡ್ಡದು, ಇನ್ನೊಂದು ಪೋಸ್ಟ್ ಕಾರ್ಡಿಗಿಂತ ಚಿಕ್ಕದು. ದೊಡ್ಡದರ ಮುಂದೆ ನೀವು ಎಲ್ಲಿ ನಿಂತಿದ್ದೀರಿ, ಅದರೊಳಗಿನ ಮನುಷ್ಯನ ಮುಖ ನಿಮ್ಮ ಮುಖದಷ್ಟೇ ಇದೆಯಾ, ಅದನ್ನು ನೋಡಿ.

ಆಮೇಲೆ ಹತ್ತಿರ. ಎಷ್ಟು ಹತ್ತಿರ ಅಂದರೆ ಸೆಕ್ಯೂರಿಟಿಯವರು ಇನ್ನೇನು 'ಸಾರ್' ಅನ್ನಬೇಕು, ಅಷ್ಟು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಇದು ನಾನು ಅಂಗಡಿಯಲ್ಲಿ ಹುಡುಗರಿಗೆ ಕಲಿಸುವ ಮೊದಲ ಪಾಠ. ಕೈ ಮುಂದಿದ್ದರೆ ಬೆರಳು ತಾನಾಗಿ ತೋರಿಸಲು ಹೋಗುತ್ತದೆ, ಮುಟ್ಟಿಬಿಡುತ್ತದೆ. ಎಷ್ಟೇ ತೊಳೆದಿದ್ದರೂ ಬೆರಳಿನಲ್ಲಿ ಎಣ್ಣೆ, ಬೆವರಿನ ಉಪ್ಪು ಇರುತ್ತದೆ. ಒಬ್ಬರು ಮುಟ್ಟಿದ್ದು ಕಾಣದೆ ಇರಬಹುದು. ದಿನಾ ಒಬ್ಬರು ಮುಟ್ಟಿದರೆ ಆ ಜಾಗ ಕಪ್ಪಾಗಿ ಕೂರುತ್ತದೆ.

ಕೊನೆಗೆ ಪಕ್ಕದಿಂದ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಗೋಡೆಗೆ ಹತ್ತಿರ ಹೋಗಿ, ಚಿತ್ರದ ಮೇಲೆ ದೀಪದ ಬೆಳಕು ಜಾರುವ ಕೋನದಲ್ಲಿ ತಲೆ ಇಟ್ಟು ನೋಡಿ. ಎಣ್ಣೆ ಚಿತ್ರವಾದರೆ ಬ್ರಷ್ಷಿನ ಗೆರೆಗಳು ಎದ್ದು ನಿಲ್ಲುತ್ತವೆ. ಯಾವ ಕಡೆಯಿಂದ ಯಾವ ಕಡೆಗೆ ಕೈ ಎಳೆದಿದ್ದಾರೆ ಅಂತ ಗೊತ್ತಾಗುತ್ತದೆ. ಒಂದು ಕಡೆ ಬಣ್ಣ ಮೆತ್ತಿದ್ದಾರೆ, ಇನ್ನೊಂದು ಕಡೆ ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳು ಬಿಟ್ಟಿದ್ದಾರೆ. ಹಳೇದಾದರೆ ಸಣ್ಣ ಬಿರುಕುಗಳ ಬಲೆ. ಮುಂದಿನಿಂದ ನೋಡಿದಾಗ ಇದೊಂದೂ ಇರಲಿಲ್ಲ!

ಲೇಬಲ್ ಓದುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ಓದಿದರೆ ಕಣ್ಣು ಲೇಬಲ್ ಹೇಳಿದ್ದನ್ನೇ ಹುಡುಕುತ್ತದೆ. ಲೇಬಲ್‌ನಲ್ಲಿ ಹೆಸರು, ಇಸವಿಯ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಏತರ ಮೇಲೆ ಏತರಿಂದ ಮಾಡಿದ್ದು ಅಂತ. ಎಲ್ಲರೂ ದಾಟಿ ಹೋಗುವ ಸಾಲು ಅದು. ನನಗೆ ಅದೇ ಮುಖ್ಯ. ಆಯಿಲ್ ಆನ್ ಕ್ಯಾನ್ವಾಸ್ ಅಂದರೆ ಹೊಳಪು ಇರುತ್ತದೆ, ನಿಧಾನಕ್ಕೆ ಒಣಗುವ ಬಣ್ಣ, ಹಾಗಾಗಿ ಒಂದು ಬಣ್ಣ ಇನ್ನೊಂದರಲ್ಲಿ ನಯವಾಗಿ ಬೆರೆತಿರುತ್ತದೆ. ಟೆಂಪೆರಾ ಅಂದರೆ ಅಂಟಿನಲ್ಲೋ ಮೊಟ್ಟೆಯಲ್ಲೋ ಕಲಸಿದ ಬಣ್ಣ, ಬೇಗ ಒಣಗುತ್ತದೆ, ಸುಣ್ಣದ ಗೋಡೆಯ ಹಾಗೆ ಹೊಳಪಿಲ್ಲದ ಮೈ. ಜಾಮಿನಿ ರಾಯ್ (1887–1972) ಸಿಕ್ಕರೆ ಇದನ್ನು ಗಮನಿಸಿ. ಎಣ್ಣೆ ಬಣ್ಣದಲ್ಲಿ ಪಳಗಿದವರು, ಅದನ್ನು ಬಿಟ್ಟು ಹುಣಸೆ ಬೀಜದ ಅಂಟು, ದೀಪದ ಮಸಿ, ಮಣ್ಣಿನ ಬಣ್ಣಕ್ಕೆ ಬಂದರು. ಆ ದಪ್ಪ ಕಪ್ಪು ಗೆರೆ ಪ್ರಿಂಟ್‌ನಲ್ಲಿ ಸಮವಾಗಿ ಕಾಣುತ್ತದೆ. ಹತ್ತಿರ ಹೋದರೆ ಬ್ರಷ್ ಒಣಗಿದ ಜಾಗ, ಮತ್ತೆ ಅದ್ದಿಕೊಂಡ ಜಾಗ ಕಾಣುತ್ತದೆ.

ರವೀಂದ್ರನಾಥ ಟಾಗೋರರ ಚಿತ್ರ ಇದ್ದರೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ. ಅವರು ಚಿತ್ರಕ್ಕೆ ಗಟ್ಟಿಯಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ. ಬರೆದ ಪದ್ಯದಲ್ಲಿ ಬೇಡದ ಸಾಲುಗಳನ್ನು ಗೀಚಿ ಹಾಕುತ್ತಾ ಆ ಗೀಚುಗಳನ್ನೇ ಹಕ್ಕಿ, ಪ್ರಾಣಿ ಮಾಡುತ್ತಿದ್ದರು. ಅಲ್ಲಿಂದ ಶುರುವಾಗಿ 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಮಾಡುವ ತನಕ ಹೋದರು. ನೋಟ್‌ಬುಕ್‌ನಲ್ಲಿ ಗೀಚಿದ್ದಕ್ಕೆ ಬೈಸಿಕೊಂಡ ಮಕ್ಕಳಿಗೆ ಈ ಕಥೆ ಬಹಳ ಹಿಡಿಸುತ್ತದೆ.

ಸೆಕ್ಯೂರಿಟಿಯವರನ್ನು ಮಾತಾಡಿಸಿ. ಇಡೀ ದಿನ ಆ ಚಿತ್ರಗಳ ಜೊತೆ ಇರುವವರು ಅವರೇ. 'ಅಣ್ಣ, ಜನ ಯಾವುದರ ಮುಂದೆ ಜಾಸ್ತಿ ನಿಲ್ತಾರೆ?' ಅಂತ ಕೇಳಿ. ಒಮ್ಮೆ ಒಬ್ಬರು ನನ್ನನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ, 'ಇಲ್ಲಿ ಯಾರೂ ನಿಲ್ಲಲ್ಲ ಸಾರ್, ನಂಗೆ ಇದೇ ಇಷ್ಟ' ಅಂತ ಚಿಕ್ಕ ಎಚಿಂಗ್, ಅಂದರೆ ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತಿದ ಚಿತ್ರ, ಒಂದನ್ನು ತೋರಿಸಿದರು. ತಾಮ್ರದ ತಗಡನ್ನು ಕಾಗದಕ್ಕೆ ಒತ್ತಿದ ಗುರುತು, ಚಿತ್ರದ ಸುತ್ತ ಒಂದು ತಗ್ಗು ಅಂಚು, ಅದರಲ್ಲಿ ಎಷ್ಟು ಚೆನ್ನಾಗಿತ್ತು ಅಂತೀರಿ.

ರವಿವರ್ಮನ ವಿಷಯ

ಇದನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಇರುವುದೆಲ್ಲ ರವಿವರ್ಮನ ಪಟ ಅಂತ ಜನರ ನಂಬಿಕೆ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆ ಪಾಲಾದಾಗ ಅಟ್ಟದಿಂದ ಲಕ್ಷ್ಮಿ, ಸರಸ್ವತಿ ಪಟಗಳು ಇಳಿಯುತ್ತವೆ. 'ಒರಿಜಿನಲ್ ರವಿವರ್ಮ, ಎಷ್ಟು ಬರುತ್ತೆ?' ಅಂತ ಅಂಗಡಿಗೆ ತರುತ್ತಾರೆ. ಅವು ಓಲಿಯೋಗ್ರಾಫ್‌ಗಳು. ರವಿವರ್ಮ (1848–1906) 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ, ತನ್ನ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರಲು ಶುರು ಮಾಡಿದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೇಲೆ ವಾರ್ನಿಷ್ ಹಚ್ಚಿ ಎಣ್ಣೆ ಚಿತ್ರದ ಹೊಳಪು ತರುತ್ತಿದ್ದರು. ಆಮೇಲೆ ಮನೆ ಹೆಂಗಸರು ದೇವಿಯ ಸೀರೆಗೆ ಜರಿ, ಮಣಿ, ಬಟ್ಟೆ ಅಂಟಿಸಿ ಇನ್ನೂ ಚಂದ ಮಾಡುತ್ತಿದ್ದರು.

ಭೂತಗನ್ನಡಿ ಹಿಡಿದು ನೋಡಿದರೆ ತಿಳಿಯುತ್ತದೆ. ಹಳೇ ಕಲ್ಲಚ್ಚಿನಲ್ಲಿ ದೇವಿಯ ಕೆನ್ನೆ ತುಂಬ ಸಣ್ಣ ಚುಕ್ಕಿಗಳು, ಕೈಯಲ್ಲಿ ಇಟ್ಟವು, ಒಂದರ ಹಾಗೆ ಒಂದಿಲ್ಲ. ಈಗಿನ ಆಫ್‌ಸೆಟ್ ಪ್ರಿಂಟ್‌ನಲ್ಲೂ ಚುಕ್ಕಿ ಇರುತ್ತದೆ, ಸಾಲಾಗಿ, ಅಳೆದಂತೆ. ಎಣ್ಣೆ ಚಿತ್ರದಲ್ಲಿ ಚುಕ್ಕಿಯೇ ಇಲ್ಲ. ರವಿವರ್ಮನ ಎಣ್ಣೆ ಚಿತ್ರ ಎಲ್ಲಾದರೂ ಗೋಡೆ ಮೇಲೆ ಸಿಕ್ಕರೆ ಸೀರೆಯ ಅಂಚಿನ ಹತ್ತಿರ ಹೋಗಿ. ದೂರದಿಂದ ಜರಿ ಅಂತ ಕಂಡದ್ದು ಹತ್ತಿರದಲ್ಲಿ ಹಳದಿ ಬಣ್ಣದ ನಾಲ್ಕು ಮುದ್ದೆ. ಮತ್ತೆ ಎರಡು ಹೆಜ್ಜೆ ಹಿಂದೆ ಬನ್ನಿ, ಮತ್ತೆ ಜರಿ. ಹೀಗೆ ಹಿಂದೆ ಮುಂದೆ ಓಡಾಡುವುದಕ್ಕೆ ನಾಚಿಕೆ ಬೇಡ.

ಇದೇ ಮಾತಿಗೆ ಇನ್ನೊಂದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದರ ಪ್ರಿಂಟ್‌ಗೆ ಎಷ್ಟೋ ಕಟ್ಟು ಹಾಕಿದ್ದೇನೆ. ತಂದವರೆಲ್ಲ ರವಿವರ್ಮ ಅನ್ನುತ್ತಾರೆ. ಅಲ್ಲ, ಎಸ್.ಎಲ್. ಹಲ್ದನ್ಕರ್ ಅವರದು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ನೀರಿನ ಬಣ್ಣದಲ್ಲಿ ಆ ದೀಪದ ಬೆಳಕು ತಂದಿದ್ದಾರೆ ಅಂತ ಗೊತ್ತಾದ ಮೇಲೆ ನಾನು ಮತ್ತೆ ಮೈಸೂರಿಗೆ ಹೋಗಿ ನೋಡಿಕೊಂಡು ಬಂದೆ.

ಪರಿಷತ್ತಿನಲ್ಲಿ ಚಿನ್ನ ನೋಡುವುದು

ಮೈಸೂರು ಚಿತ್ರಗಳ ಮುಂದೆ ಜನ ಕೈ ಮುಗಿದು ಮುಂದೆ ಹೋಗುತ್ತಾರೆ. ದೇವರ ಪಟ ತಾನೇ ಅಂತ. ಸ್ವಲ್ಪ ನಿಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕೆಲಸಕ್ಕೆ ದೊಡ್ಡ ಆಸರೆ ಸಿಕ್ಕಿತು. ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲ ಗೆರೆ ಹಾಕುತ್ತಿದ್ದರು. ಬ್ರಷ್ಷಿಗೆ ಅಳಿಲಿನ ಕೂದಲು. ಒಡವೆ, ಕಿರೀಟ, ಕಂಬದ ಕುಸುರಿಗೆ ಸಫೇದ ಅನ್ನುವ ಬಿಳಿ ಪುಡಿಯನ್ನು ಅಂಟಿನ ಜೊತೆ ಕಲಸಿ, ಸಣ್ಣ ಬ್ರಷ್ಷಿನಲ್ಲಿ ಎಳೆ ಎಳೆಯಾಗಿ ಎತ್ತರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು.

ಇಲ್ಲೇ ಪಕ್ಕದಿಂದ ನೋಡುವ ಪಾಠ ಕೆಲಸಕ್ಕೆ ಬರುವುದು. ತಲೆ ಸ್ವಲ್ಪ ಬಗ್ಗಿಸಿ, ಗಾಜಿನ ಪ್ರತಿಬಿಂಬ ತಪ್ಪಿಸಿಕೊಂಡು ದೇವಿಯ ಕಂಠೀಹಾರದ ಮೇಲೆ ಕಣ್ಣಿಡಿ. ಒಂದು ಕೋನದಲ್ಲಿ ಚಿನ್ನ ಕಂದು ಬಣ್ಣಕ್ಕಿರುತ್ತದೆ. ತಲೆ ಅರ್ಧ ಇಂಚು ಸರಿಸಿದರೆ ಒಂದೊಂದೇ ಮಣಿ ಹೊತ್ತಿಕೊಳ್ಳುತ್ತದೆ. ಒಂದು ಮಣಿ ಸಾಸಿವೆಗಿಂತ ಚಿಕ್ಕದು, ಆದರೂ ಅದಕ್ಕೆ ಒಂದು ನೆರಳಿದೆ. ಅಷ್ಟು ಎತ್ತರಿಸಿದ್ದಾರೆ, ಅಷ್ಟು ಮಾತ್ರ. ಈ ಮಟ್ಟಸದಿಂದಲೇ ಮೈಸೂರು ಕೆಲಸ ಗುರುತಿಸಬಹುದು. ತಂಜಾವೂರಿನದಾದರೆ ಉಬ್ಬು ದಪ್ಪ, ಗಾಜಿನ ಹರಳು ಬೇರೆ ಕೂರಿಸಿರುತ್ತಾರೆ, ದೂರದಿಂದಲೇ ಝಗಮಗ. ನನ್ನ ಮನಸ್ಸು ಮೈಸೂರಿನ ಕಡೆಗೇ. ಪಕ್ಷಪಾತ ಅನ್ನಿ, ಪರವಾಗಿಲ್ಲ.

ಅಲ್ಲಿಂದ ರೋರಿಕ್ ಗ್ಯಾಲರಿಗೆ ಹೋದರೆ ಹೊಳಪೇ ಇಲ್ಲದ ಹಿಮಾಲಯ. ಅಪ್ಪ ನಿಕೋಲಸ್ ರೋರಿಕ್ (1874–1947) ಟೆಂಪೆರಾದಲ್ಲಿ ಬೆಟ್ಟಗಳನ್ನು ಬರೆದವರು. ಮಗ ಸ್ವೆತೊಸ್ಲಾವ್ ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಹೆಂಡತಿ, ಸಿನಿಮಾ ನಟಿ ದೇವಿಕಾ ರಾಣಿ ಜೊತೆ ಬಾಳಿ, 1993ರಲ್ಲಿ ತೀರಿಕೊಂಡರು. ಅಪ್ಪನ ನೀಲಿ ನೋಡಿ. ಅದನ್ನು ಪ್ರಿಂಟ್‌ನಲ್ಲಿ ತರಲು ಹೋದ ಮಷಿನ್ ಯಾವುದೂ ಗೆದ್ದದ್ದನ್ನು ನಾನು ಕಂಡಿಲ್ಲ. ಒಂದು ವಿಷಯ ಗೊತ್ತಿರಲಿ. ಹಳೇ ವಸ್ತು, ಕಲಾಕೃತಿಗಳನ್ನು ಕಾಪಾಡುವ 1972ರ ಕಾನೂನಿನಡಿ ಒಂಬತ್ತು ಕಲಾವಿದರ ಚಿತ್ರಗಳನ್ನು ದೇಶದ ಆಚೆ ಸಾಗಿಸುವ ಹಾಗಿಲ್ಲ. ರವಿವರ್ಮ, ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಮೂವರು ಟಾಗೋರ್‌ಗಳು, ಶೈಲೋಜ್ ಮುಖರ್ಜಿ, ಜೊತೆಗೆ ರಷ್ಯಾದಲ್ಲಿ ಹುಟ್ಟಿದ ಈ ನಿಕೋಲಸ್ ರೋರಿಕ್.

ವೆಂಕಟಪ್ಪ ಗ್ಯಾಲರಿ ತೆರೆದಿದ್ದ ದಿನ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಬಿಡಬೇಡಿ. ಕೆ. ವೆಂಕಟಪ್ಪ (1886–1965) ಮೈಸೂರಿನ ಚಿತ್ರಗಾರರ ಮನೆಯಲ್ಲಿ ಹುಟ್ಟಿ, ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ನುಡಿಸುತ್ತಿದ್ದರು. ಮಂಜು ಮುಸುಕಿದ ಆ ಬೆಟ್ಟಗಳಲ್ಲಿ ಬಣ್ಣ ಕಾಗದದ ಮೇಲೆ ಕೂತಿಲ್ಲ, ಒಳಗೆ ಇಳಿದಿದೆ. ಅವರ ಪ್ಲಾಸ್ಟರ್ ಉಬ್ಬು ಚಿತ್ರಗಳನ್ನೂ ಪಕ್ಕದ ಬೆಳಕಿನಲ್ಲಿ ನೋಡಿ.

ಮಕ್ಕಳು, ವಯಸ್ಸಾದವರು, ಫೋನು

ಮಕ್ಕಳಿಗೆ ನಲವತ್ತು ನಿಮಿಷ ಮೇಲಿನ ಮಿತಿ. 'ಏನು ಅರ್ಥ ಆಯ್ತು?' ಅಂತ ಪರೀಕ್ಷೆ ಮಾಡಬೇಡಿ. ಕೆಲಸ ಕೊಡಿ. ಈ ಕೋಣೆಯಲ್ಲಿ ನಾಯಿ ಎಷ್ಟು ಕಡೆ ಇದೆ, ಯಾರ ಕಾಲಲ್ಲಿ ಚಪ್ಪಲಿ ಇದೆ, ಎಲ್ಲಕ್ಕಿಂತ ಚಿಕ್ಕ ಚಿತ್ರ ಯಾವುದು. ಹುಡುಕುತ್ತಾ ನಮಗಿಂತ ಚೆನ್ನಾಗಿ ನೋಡುತ್ತಾರೆ. ನಾಯಿ ಅಂದ ಮೇಲೆ ನೆನಪಾಯಿತು, ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರು ಶಾಸನ ನೋಡಲು ಸಿಕ್ಕರೆ ಮಕ್ಕಳಿಗೆ ತಪ್ಪದೆ ತೋರಿಸಿ. ಮದ್ದೂರಿನ ಹತ್ತಿರದ ಊರಿನದು, ಸುಮಾರು 950ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಗೆದ್ದ ಮಣಲೇರ ಅನ್ನುವ ವೀರನಿಗೆ ರಾಜ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಎದುರುಬದುರಾಗಿರುವುದನ್ನು ಕಲ್ಲಲ್ಲಿ ಕಡೆದಿದ್ದಾರೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ವೀಲ್‌ಚೇರ್ ಇದೆಯಾ ಅಂತ ಮೊದಲೇ ಕೇಳಿ. ನಡೆಯಲು ಆಗುವವರಿಗೂ ನಿಂತು ನಿಂತು ಕಾಲು ಹಿಡಿಯುತ್ತದೆ. ಪ್ರತಿ ಕೋಣೆಯಲ್ಲಿ ಕೂತೇ ಮುಂದೆ ಹೋಗಿ.

ಫೋಟೋ ನಿಯಮ ಒಂದೊಂದು ಕಡೆ ಒಂದೊಂದು, ಒಂದೇ ಕಟ್ಟಡದಲ್ಲಿ ಪ್ರದರ್ಶನದಿಂದ ಪ್ರದರ್ಶನಕ್ಕೂ ಬದಲಾಗುತ್ತದೆ. ಕೇಳಿ. ಫ್ಲ್ಯಾಶ್ ಎಲ್ಲೂ ಬೇಡ. ಬಿಟ್ಟರೆ ಮೊದಲು ಕಣ್ಣಲ್ಲಿ ನೋಡಿ, ಆಮೇಲೆ ಚಿತ್ರದ್ದೊಂದು, ಲೇಬಲ್‌ದೊಂದು ಫೋಟೋ ತೆಗೆಯಿರಿ. ಲೇಬಲ್ ತೆಗೆಯದಿದ್ದರೆ ಮನೆಗೆ ಬಂದ ಮೇಲೆ ಯಾರದು ಏನು ಅಂತ ಒಂದೂ ನೆನಪಿರುವುದಿಲ್ಲ. ಇಷ್ಟವಾದ ಒಂದು ಚಿತ್ರವನ್ನು ಪೆನ್ಸಿಲ್‌ನಲ್ಲಿ ಗೀಚಿಕೊಳ್ಳಿ. ಕೆಟ್ಟದಾಗಿ ಬಂದರೂ ಸರಿ. ಗೀಚುವಾಗ ಮಾತ್ರ ಎಡಗೈ ಎಲ್ಲಿದೆ, ಕಿಟಕಿ ಎಷ್ಟು ಎತ್ತರದಲ್ಲಿದೆ ಅಂತ ಕಣ್ಣು ಕೇಳುತ್ತದೆ.

ಹೊರಗೆ ಬಂದ ಮೇಲೆ ಕಸ್ತೂರಬಾ ರಸ್ತೆಯವರಿಗೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲ್ ಹತ್ತಿರ. ಮರದ ಕೆಳಗೆ ಕೂತು ಕಾಫಿ ಕುಡಿಯುತ್ತಾ ಯಾರಿಗೆ ಯಾವುದು ಹಿಡಿಸಿತು ಅಂತ ಜಗಳ ಆಡಬಹುದು.

ಪೋಸ್ಟರ್ ಕೊಂಡರೆ

ಮ್ಯೂಸಿಯಂ ಅಂಗಡಿಯಲ್ಲಿ ಪ್ರಿಂಟ್ ಸಿಕ್ಕರೆ ತೆಗೆದುಕೊಳ್ಳಿ, ಇಷ್ಟು ಹೇಳಿದ ಮೇಲೂ ಪ್ರಿಂಟ್ ಬೇಡ ಅನ್ನುವವನಲ್ಲ ನಾನು, ಅದು ನನ್ನ ಹೊಟ್ಟೆಪಾಡು. ಸುತ್ತಿಕೊಂಡು ತನ್ನಿ, ಮಡಿಸಬೇಡಿ. ಕಟ್ಟು ಹಾಕಿಸುವಾಗ ಮೌಂಟ್, ಅಂದರೆ ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು, ಹಾಕಿಸಿ. ಅಂದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಗಾಜಿಗೂ ಕಾಗದಕ್ಕೂ ನಡುವೆ ಜಾಗ ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡುಬಿಡುತ್ತದೆ, ಬಿಡಿಸಲು ಹೋದರೆ ಬಣ್ಣ ಗಾಜಿನ ಮೇಲೆ. ಮೌಂಟ್ ಬೋರ್ಡು ಆಸಿಡ್ ಇಲ್ಲದ್ದು ಬೇಕು ಅಂತ ಕೇಳಿ ಹಾಕಿಸಿ, ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ. ಅಗ್ಗದ ಬೋರ್ಡಾದರೆ ಕೆಲವು ವರ್ಷಕ್ಕೆ ಒಳ ಅಂಚು ಕಂದಾಗಿ, ಆ ಕಂದು ಚಿತ್ರಕ್ಕೂ ಇಳಿಯುತ್ತದೆ. ಹಿಂದಿನ ಹಾರ್ಡ್‌ಬೋರ್ಡಿನ ಸುತ್ತ ಟೇಪ್ ಪೂರ್ತಿ ಅಂಟಿಸಿದ್ದಾರಾ ನೋಡಿಕೊಳ್ಳಿ, ಸಂದು ಇದ್ದರೆ ಹುಳ ಒಳಗೆ ಸೇರಿಕೊಳ್ಳುತ್ತದೆ.

ತೂಗು ಹಾಕುವಾಗ ಚಿತ್ರದ ಮಧ್ಯಭಾಗ ನೆಲದಿಂದ 57ರಿಂದ 60 ಇಂಚು ಬರಲಿ. ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಇದೇ ಲೆಕ್ಕ. ನಮ್ಮ ಮನೆಗಳಲ್ಲಿ ದೇವರ ಪಟದ ಅಭ್ಯಾಸಕ್ಕೆ ಎಲ್ಲವನ್ನೂ ಬಾಗಿಲ ಮೇಲೆ ಏರಿಸಿಬಿಡುತ್ತೇವೆ, ಕತ್ತು ಎತ್ತಿಯೇ ನೋಡಬೇಕು. ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಗೋಡೆಯೂ ಬೇಡ. ದೊಡ್ಡ ಫ್ರೇಮಿಗೆ ಒಂದು ಮೊಳೆ ಬದಲು ಎರಡು ಹೊಡೆಯಿರಿ, ಆಗ ಗುಡಿಸುವಾಗ ಪೊರಕೆ ತಗುಲಿದರೂ ಪಟ ವಾಲುವುದಿಲ್ಲ.